ಕಟಕಟ ಎಂದಿತೆಂದು ಗಿಟಾರ್ ಮಾರುವ ಮುನ್ನ

ಶಿವಮೊಗ್ಗ–ಭದ್ರಾವತಿ ಸೀಮೆಯ ಆರ್ಕೆಸ್ಟ್ರಾದವರಲ್ಲಿ, ಕಾಲೇಜು ಬ್ಯಾಂಡಿನ ಹುಡುಗರಲ್ಲಿ ಒಂದು ತೀರ್ಪು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಬೇಸ್ ಗಿಟಾರ್ ನುಡಿಸುವಾಗ ತಂತಿಯ ನಾದದ ಬೆನ್ನಿಗೆ ‘ಕಟಕಟ’ ಎಂದೋ ‘ಜಿರ್ರ್’ ಎಂದೋ ಸದ್ದು ಬಂದರೆ ಸಾಕು, ಪಕ್ಕದಲ್ಲಿದ್ದವನು ವಾದ್ಯವನ್ನು ಕೈಗೂ ತೆಗೆದುಕೊಳ್ಳದೆ ಹೇಳಿಬಿಡುತ್ತಾನೆ: “ನೆಕ್ ಹೋಗಿದೆ ಮಾರಾಯ, ಇದನ್ನ ಮಾರಿ ಹೊಸದು ತಗೋ.” ಸ್ವಲ್ಪ ಕರುಣೆ ಇದ್ದವನು “ರಾಡ್ ಒಂದು ಸುತ್ತು ಬಿಗಿ ಮಾಡು” ಅನ್ನುತ್ತಾನೆ. ಬಲ್ಲವನೆಂದು ಹೆಸರು ಮಾಡಿದವನು “ಇಲ್ಲಿ ಯಾರ ಕೈಲೂ ಆಗಲ್ಲ, ಬೆಂಗಳೂರಿಗೆ ಕಳಿಸು” ಅನ್ನುತ್ತಾನೆ. ನಾಲ್ಕನೆಯವನದು ವೇದಾಂತ: “ಸ್ಪೀಕರಲ್ಲಿ ಕೇಳುತ್ತಾ? ಇಲ್ವಲ್ಲ, ಬಿಡು ಅತ್ಲಾಗೆ.”

ಕೇಳುವುದಕ್ಕೆ ಇವು ನಾಲ್ಕು ಬೇರೆ ಬೇರೆ ಸಲಹೆಗಳು. ಆದರೆ ನಾಲ್ವರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಸದ್ದು ಎಲ್ಲಿಂದ ಬರುತ್ತಿದೆ? ಸಾಕ್ಷಿ ವಿಚಾರಣೆಯಿಲ್ಲದ ತೀರ್ಪುಗಳಿವು. ಇವುಗಳಿಂದಾಗಿ ಒಳ್ಳೆಯ ವಾದ್ಯಗಳು ಅರ್ಧ ಬೆಲೆಗೆ ಕೈಬದಲಾಗುತ್ತವೆ, ಬಡ ಹುಡುಗರ ದುಡ್ಡು ಹಾಳಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ನುಡಿಸುವವನಿಗೆ ತನ್ನ ವಾದ್ಯ ಕೊನೆಯವರೆಗೂ ಅಪರಿಚಿತವಾಗಿಯೇ ಉಳಿಯುತ್ತದೆ. ಕಟಕಟದ ಪ್ರತಿಯೊಂದು ಸದ್ದಿಗೂ ವಾದ್ಯದ ಮೇಲೆ ಒಂದು ಜಾಗವಿದೆ, ಒಂದು ಕಾರಣವಿದೆ. ಆ ಜಾಗ ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಮುಟ್ಟುವ ಹಕ್ಕು ಯಾರಿಗೂ ಇಲ್ಲ. ಮಾರುವ ಹಕ್ಕಂತೂ ಮೊದಲೇ ಇಲ್ಲ.

ಮೊದಲು ವಾದ್ಯದ ಸ್ವಭಾವ ನೋಡೋಣ. ಸಾಮಾನ್ಯ ಬೇಸ್ ಗಿಟಾರಿನಲ್ಲಿ ತಂತಿಯ ನುಡಿಯುವ ಉದ್ದ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್. ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ, ಎ ತಂತಿ 55 ಬಾರಿ, ಡಿ 73 ಬಾರಿ, ಜಿ 98 ಬಾರಿ ಕಂಪಿಸುತ್ತವೆ. ನಾಲ್ಕೂ ಸೇರಿ ನೆಕ್ಕಿನ ಮೇಲೆ ಹೇರುವ ಎಳೆತ 70 ಕಿಲೋಗೂ ಮೀರಿದ್ದು. ಹೀಗೆ ನಿಧಾನವಾಗಿ, ಅಗಲವಾಗಿ, ಬಲವಾಗಿ ಅಲುಗುವ ತಂತಿಗಳು ಮರಕ್ಕೆ ಕಂಪನ ಕೊಡುತ್ತಲೇ ಇರುತ್ತವೆ. ಆ ಮರಕ್ಕೆ ಕಚ್ಚಿಕೊಂಡ ಸ್ಕ್ರೂ, ಸ್ಪ್ರಿಂಗ್, ವಾಷರ್, ತಗಡುಗಳೆಲ್ಲ ಒಂದಲ್ಲ ಒಂದು ದಿನ ಸಡಿಲವಾಗುವುದು ಸಹಜ. ಇದು ಯಂತ್ರದ ನಡತೆಯೇ ಹೊರತು ವಾದ್ಯದ ಅಪರಾಧವಲ್ಲ. ದಿನಾ ಮಣ್ಣುರಸ್ತೆಯಲ್ಲಿ ಓಡಿದ ಬೈಕಿನ ನಂಬರ್ ಪ್ಲೇಟು ಗಲಗಲ ಎಂದರೆ ನಾವು ಸ್ಪ್ಯಾನರ್ ಹುಡುಕುತ್ತೇವೆ, ಬೈಕು ಮಾರುವುದಿಲ್ಲ.

ಈಗ ‘ನೆಕ್ ಹೋಗಿದೆ, ಮಾರಿಬಿಡು’ ಎಂಬ ಮೊದಲನೆಯ ತೀರ್ಪಿಗೆ ಬರೋಣ. ಅದರ ಹಿಂದಿರುವ ನಂಬಿಕೆ: ‘ಅಗ್ಗದ ಮಾಲು, ಹಾಗಾಗಿ ಕಟಕಟ.’ ಇದರಲ್ಲಿ ಕಾಲುಭಾಗ ನಿಜವಿದೆ. ಕಡಿಮೆ ಬೆಲೆಯ ವಾದ್ಯಕ್ಕೆ ಕಾರ್ಖಾನೆಯಲ್ಲಿ ಕೊನೆಯ ಕೈಗೆಲಸ ಕಡಿಮೆ ಸಿಕ್ಕಿರುತ್ತದೆ. ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳನ್ನು ಸಮ ಮಾಡುವುದು, ತಂತಿಯ ಎತ್ತರ ಹೊಂದಿಸುವುದು, ತಂತಿ ಕೂರುವ ನಟ್ ಪಟ್ಟಿಯ ಕಚ್ಚು ಕೊರೆಯುವುದು ಇವೆಲ್ಲ ಆತುರದಲ್ಲಿ ಮುಗಿದಿರುತ್ತವೆ. ಆದರೆ ಬಿಟ್ಟುಹೋದ ಕೆಲಸವನ್ನು ಆಮೇಲೆ ಮಾಡಿಕೊಳ್ಳಬಹುದು. ಮಾಡದೆ ಉಳಿದ ಕೆಲಸವನ್ನೇ ಮರದ ದೋಷವೆಂದು ತೀರ್ಮಾನಿಸುವುದು ತರ್ಕವಲ್ಲ. ಲಕ್ಷ ರೂಪಾಯಿ ಕೊಟ್ಟು ತಂದ ವಾದ್ಯದ ಸ್ಯಾಡಲ್ ಸ್ಕ್ರೂ ಕೂಡ ಕಂಪನಕ್ಕೆ ಸಡಿಲವಾಗುತ್ತದೆ. ಸ್ಕ್ರೂವಿಗೆ ಬಿಲ್ ಓದಲು ಬರುವುದಿಲ್ಲ.

ಈ ವಾದ್ಯ ಹುಟ್ಟಿದ್ದೇ ಬಿಚ್ಚಿ ರಿಪೇರಿ ಮಾಡಲಿ ಎಂದು. 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ಅಮೆರಿಕದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಅಂಗಡಿಯವನು. ವಯಲಿನ್ ಮಾಡುವವರ ಹಾಗೆ ನೆಕ್ಕನ್ನು ಅಂಟು ಹಾಕಿ ಶಾಶ್ವತವಾಗಿ ಕೂಡಿಸದೆ, ಸ್ಕ್ರೂ ಹಾಕಿ ಜೋಡಿಸಿದ. ಕೆಟ್ಟ ಭಾಗ ಕಳಚಬೇಕು, ಬೇರೆಯದು ಕೂರಿಸಬೇಕು, ಗಿರಾಕಿ ಸಂಜೆಯ ಕಾರ್ಯಕ್ರಮಕ್ಕೆ ಹೋಗಬೇಕು ಎಂಬುದು ಅವನ ಲೆಕ್ಕ. ಇವತ್ತು ನಮ್ಮ ಅಂಗಡಿಗಳಲ್ಲಿ ತೂಗುಹಾಕಿರುವ ಬಹುಪಾಲು ಬೇಸ್‌ಗಳು ಆ ಮಾದರಿಯ ಮಕ್ಕಳು, ಮೊಮ್ಮಕ್ಕಳು. ರಿಪೇರಿಗೆಂದೇ ರೂಪಿಸಿದ ವಸ್ತುವನ್ನು ಒಂದು ಸದ್ದಿಗೆ ಹೆದರಿ ಎಸೆಯುವುದು ಅದನ್ನು ಮಾಡಿದವನ ಬುದ್ಧಿಗೂ ಅವಮಾನ.

‘ರಾಡ್ ಬಿಗಿ ಮಾಡು’ ಎಂಬ ಎರಡನೆಯ ತೀರ್ಪು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಜ್ಞಾನದ ವೇಷ ತೊಟ್ಟು ಬರುತ್ತದೆ. ನೆಕ್ಕಿನೊಳಗೆ ಉದ್ದಕ್ಕೆ ಹಾಯ್ದಿರುವ ಉಕ್ಕಿನ ಸರಳೇ ಟ್ರಸ್ ರಾಡ್. ತಂತಿಗಳು ನೆಕ್ಕನ್ನು ಮುಂದಕ್ಕೆ ಎಳೆದು ಬಾಗಿಸುತ್ತವೆ, ರಾಡ್ ಅದನ್ನು ಹಿಂದಕ್ಕೆ ಎಳೆದು ನಿಲ್ಲಿಸುತ್ತದೆ. ಕಂಪಿಸುವ ತಂತಿ ನಡುಭಾಗದಲ್ಲಿ ಅಗಲವಾಗಿ ಅಲುಗುವುದರಿಂದ ನೆಕ್ ಪೂರ್ತಿ ನೆಟ್ಟಗಿರಬಾರದು, ತುಸು ಮುಂದಕ್ಕೆ ಬಾಗಿರಬೇಕು. ಈಗ ಯೋಚಿಸಿ. ರಾಡ್ ಬಿಗಿ ಮಾಡಿದರೆ ಏನಾಗುತ್ತದೆ? ಆ ಬಾಗು ಕಡಿಮೆಯಾಗುತ್ತದೆ, ತಂತಿ ಫ್ರೆಟ್‌ಗಳಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಮೊದಲ ನಾಲ್ಕೈದು ಮನೆಗಳಲ್ಲಿ (ಫ್ರೆಟ್‌ಗಳ ನಡುವಿನ ಜಾಗಗಳಲ್ಲಿ) ಕಟಕಟ ಹೆಚ್ಚುತ್ತದೆ! ಬಾಗು ಕಡಿಮೆಯಾಗಿಯೇ ಸದ್ದು ಬರುತ್ತಿದ್ದರೆ ರಾಡನ್ನು ಸಡಿಲಿಸಬೇಕು. ಬಿಗಿ ಮಾಡೆಂದವನು ಬೆಂಕಿಗೆ ಸೀಮೆಎಣ್ಣೆ ಸುರಿಯಲು ಹೇಳಿದ ಹಾಗಾಯಿತು. ಸದ್ದು ಸಡಿಲ ಟ್ಯೂನಿಂಗ್ ಕೀಯಿಂದ ಬರುತ್ತಿದ್ದರಂತೂ ರಾಡನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಪ್ರಯೋಜನವಿಲ್ಲ. ಇದ್ದ ಒಂದು ತೊಂದರೆಗೆ ಇನ್ನೊಂದು ಸೇರುತ್ತದೆ, ಅಷ್ಟೆ.

ಹಾಗಾದರೆ ಹುಡುಕುವುದು ಹೇಗೆ? ಈ ಹುಡುಕಾಟಕ್ಕೆ ಯಂತ್ರ ಬೇಡ, ಎರಡು ಕಿವಿ ಮತ್ತು ಒಬ್ಬ ಗೆಳೆಯ ಸಾಕು. ಮೊದಲ ಪ್ರಶ್ನೆ: ಸದ್ದು ವಾದ್ಯದಲ್ಲಿದೆಯೋ, ಕೋಣೆಯಲ್ಲಿದೆಯೋ? ಹೆಂಚಿನ ಮನೆಯ ಅಟ್ಟದ ಮೇಲಿನ ಪಾತ್ರೆ, ಸಡಿಲ ಕಿಟಕಿ ಗಾಜು, ಸ್ಟೀಲ್ ಬೀರುವಿನ ಬಾಗಿಲು, ಡ್ರಮ್ ಸೆಟ್ಟಿನ ಸ್ನೇರ್ ತಂತಿ, ಆಂಪ್ ಕ್ಯಾಬಿನೆಟ್ಟಿನ ಹಿಡಿ ಇವೆಲ್ಲ ಬೇಸ್ ನಾದಕ್ಕೆ ಒಡನೆ ಸ್ಪಂದಿಸುತ್ತವೆ. ವೈರ್ ಕಳಚಿ, ಬೇರೆ ಕೋಣೆಗೆ ಹೋಗಿ, ಗಿಟಾರಿನ ತಲೆಯ ಭಾಗಕ್ಕೆ ಕಿವಿಯಾನಿಸಿ ನುಡಿಸಿ. ಸದ್ದು ಮಾಯವಾದರೆ ನಿಮ್ಮ ಗಿಟಾರ್ ನಿರಪರಾಧಿ. ಎಷ್ಟೋ ‘ಹಾಳಾದ ನೆಕ್ಕು’ಗಳ ಕಥೆ ಮುಗಿಯಬೇಕಾದ್ದು ಈ ಮೊದಲ ಹೆಜ್ಜೆಯಲ್ಲೇ.

ಎರಡನೆಯ ಪ್ರಶ್ನೆ ಇಡೀ ಪರೀಕ್ಷೆಯ ಬೆನ್ನೆಲುಬು: ಸದ್ದು ಸ್ವರಕ್ಕೆ ಅಂಟಿಕೊಂಡಿದೆಯೋ, ಜಾಗಕ್ಕೋ? ಬೇಸ್‌ನಲ್ಲಿ ಎಷ್ಟೋ ಸ್ವರಗಳು ಒಂದಕ್ಕಿಂತ ಹೆಚ್ಚು ಕಡೆ ಸಿಗುತ್ತವೆ. ಎ ತಂತಿಯನ್ನು ಬಿಟ್ಟು ಮೀಟಿದಾಗ ಬರುವ ಸ್ವರವೇ ಇ ತಂತಿಯ ಐದನೇ ಮನೆಯಲ್ಲೂ ಬರುತ್ತದೆ, ಎರಡೂ 55 ಹರ್ಟ್ಜ್. ಎರಡೂ ಕಡೆ ಕಟಕಟ ಎಂದರೆ ತಂತಿಗೂ ಫ್ರೆಟ್‌ಗೂ ಸಂಬಂಧವಿಲ್ಲ. ಎಲ್ಲೋ ಒಂದು ಸಡಿಲ ಭಾಗ ಆ ಆವರ್ತನಕ್ಕೆ ಕುಣಿಯುತ್ತಿದೆ. ಒಂದೇ ಕಡೆ ಬಂದರೆ ತಪ್ಪು ಆ ತಂತಿಯ ಹಾದಿಯಲ್ಲಿದೆ. ಅನುಮಾನ ಉಳಿದರೆ ನಾಲ್ಕೂ ತಂತಿಗಳ ಶ್ರುತಿಯನ್ನು ಅರ್ಧ ಸ್ವರ ಇಳಿಸಿ. ಐದನೇ ಮನೆಯ ಸದ್ದು ಆರನೇ ಮನೆಗೆ ಸರಿದರೆ ಸಡಿಲ ಭಾಗ. ಐದರಲ್ಲೇ ಕೂತಿದ್ದರೆ ಫ್ರೆಟ್. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ‘ನೆಕ್ ಹೋಗಿದೆ’ ಎನ್ನುವವನನ್ನು ತಜ್ಞನೆಂದು ಕರೆಯಲು ನನಗೆ ಮನಸ್ಸಿಲ್ಲ.

ಸ್ವರಕ್ಕೆ ಅಂಟಿದ ಸದ್ದಾದರೆ ಒಬ್ಬ ಅದೇ ಸ್ವರವನ್ನು ಮತ್ತೆ ಮತ್ತೆ ನುಡಿಸಬೇಕು, ಇನ್ನೊಬ್ಬ ತಲೆಯಿಂದ ಬುಡದವರೆಗೆ ಒಂದೊಂದೇ ಭಾಗವನ್ನು ಬೆರಳಿನಿಂದ ಒತ್ತುತ್ತ ಬರಬೇಕು. ಒತ್ತಿದಾಗ ಸದ್ದು ನಿಂತಿತೇ, ಕಳ್ಳ ಸಿಕ್ಕ. ಅಡಗುವ ಜಾಗಗಳು ಬಲ್ಲವರಿಗೆ ಹೊಸವಲ್ಲ. ಟ್ಯೂನಿಂಗ್ ಕೀಯ ಕೊರಳಿನ ಷಟ್ಕೋನದ ನಟ್ ಅಥವಾ ಬುಶ್. ಕೀಯ ಹಿಂದಿನ ಪುಟ್ಟ ಸ್ಕ್ರೂಗಳು. ತಲೆಯ ಮೇಲೆ ತಂತಿಯನ್ನು ಅದುಮಿ ಹಿಡಿಯುವ ಗುಂಡಿ. ಪೂರ್ತಿ ಸಡಿಲಬಿಟ್ಟ ಟ್ರಸ್ ರಾಡ್, ಏಕೆಂದರೆ ಎಳೆತವಿಲ್ಲದ ರಾಡ್ ತನ್ನ ಕಾಲುವೆಯೊಳಗೆ ತಾನೇ ನಡುಗುತ್ತದೆ. ಪಿಕ್‌ಗಾರ್ಡಿನ ಸ್ಕ್ರೂ, ಪಿಕಪ್ಪಿನ ಕೆಳಗಿನ ಸತ್ತ ಸ್ಪಂಜು, ವಾಲ್ಯೂಮ್ ನಾಬಿನ ಒಳಗಿನ ನಟ್, ಜಾಕಿನ ನಟ್, ಬೆಲ್ಟ್ ಸಿಕ್ಕಿಸುವ ಗುಂಡಿ. ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಆಗಿದ್ದರೆ ಗೂಡಿನೊಳಗೆ ಹೊರಳಾಡುವ 9 ವೋಲ್ಟಿನ ಬ್ಯಾಟರಿ.

ಹೆಚ್ಚಿನ ಸಲ ಸಿಕ್ಕಿಬೀಳುವುದು ಬ್ರಿಡ್ಜ್, ಅಂದರೆ ನಮ್ಮ ವೀಣೆಯವರ ಕುದುರೆ. ಪ್ರತಿ ತಂತಿಯ ಕೆಳಗೂ ಒಂದು ಸ್ಯಾಡಲ್, ಪ್ರತಿ ಸ್ಯಾಡಲಿಗೂ ಎತ್ತರ ಹೊಂದಿಸುವ ಎರಡು ಪುಟ್ಟ ಸ್ಕ್ರೂ. ಒಂದು ಭಾರ ಹೊತ್ತು ಇನ್ನೊಂದು ತಗಡಿಗೆ ತಾಗದೆ ಗಾಳಿಯಲ್ಲಿ ನಿಂತಿದ್ದರೆ ಅದು ನಡುಗಿ ಸದ್ದು ಮಾಡುತ್ತದೆ. ಅಲೆನ್ ಕೀಯಿಂದ ಅದನ್ನು ತಗಡಿಗೆ ತಾಗಿಸಿ, ಮತ್ತೆ ಸಡಿಲವಾಗದಂತೆ ಸ್ಕ್ರೂವಿನ ತಿರುಪಿನ ಮೇಲೆ ಒಂದು ಹನಿ ಉಗುರು ಬಣ್ಣ ಹಚ್ಚಿದರೆ ಕೆಲಸ ಮುಗಿಯಿತು. ಮರದಲ್ಲಿ ಸ್ಕ್ರೂ ತೂತು ಅಗಲವಾಗಿದ್ದರೆ ಊದುಬತ್ತಿಯ ಕಡ್ಡಿಯನ್ನು ಫೆವಿಕಾಲ್‌ನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿ. ಹತ್ತು ರೂಪಾಯಿಯ ಈ ಕೆಲಸದ ಬದಲು ಹೊಸ ಗಿಟಾರ್ ಕೊಳ್ಳಿ ಎನ್ನುವ ಸಲಹೆಯಿಂದ ಯಾರಿಗೆ ಲಾಭವೆಂದು ಓದುಗರೇ ಊಹಿಸಲಿ.

ಇನ್ನು ಜಾಗಕ್ಕೆ ಅಂಟಿದ ಸದ್ದು. ತಂತಿಯನ್ನು ಬಿಟ್ಟು ಮೀಟಿದಾಗ ಮಾತ್ರ ಬಂದು, ಮೊದಲನೇ ಮನೆಯಲ್ಲಿ ಒತ್ತಿದ ಕೂಡಲೇ ನಿಂತರೆ ತಪ್ಪು ತಲೆಯ ಕಡೆಯ ನಟ್ ಪಟ್ಟಿಯಲ್ಲಿದೆ. ಕಚ್ಚು ಆಳವಾಗಿ ಸವೆದಿರಬಹುದು. ಎ ತಂತಿಯಾದರೆ ಇನ್ನೊಂದು ಕಾರಣ ನೋಡಬೇಕು: ಕೀಯ ಕಂಬಕ್ಕೆ ತಂತಿಯನ್ನು ಮೇಲ್ಭಾಗದಲ್ಲೇ ಸುತ್ತಿದ್ದರೆ ಅದು ನಟ್ ಪಟ್ಟಿಯ ಮೇಲೆ ಸಾಕಷ್ಟು ಅದುಮಿ ಕೂರದೆ ಸಿತಾರಿನಂತೆ ಝೇಂಕರಿಸುತ್ತದೆ. ಸುತ್ತುಗಳನ್ನು ಕೆಳಕ್ಕೆ ಇಳಿಸಿ ಸುತ್ತಿದರೆ ಸಾಕು. ಒಂದೇ ಒಂದು ಮನೆಯಲ್ಲಿ, ಉದಾಹರಣೆಗೆ ಏಳರಲ್ಲಿ ಕಟಕಟ ಬಂದು ಎಂಟರಲ್ಲಿ ಸ್ವಚ್ಛವಾಗಿದ್ದರೆ ಎಂಟನೇ ಫ್ರೆಟ್ ಎದ್ದಿದೆ, ಇಲ್ಲವೇ ಏಳನೆಯದು ಸವೆದಿದೆ. ಸ್ಟೀಲ್ ಸ್ಕೇಲಿನ ಚಿಕ್ಕ ತುಂಡನ್ನು ಮೂರು ಫ್ರೆಟ್‌ಗಳ ಮೇಲೆ ಅಂಚು ಮಾಡಿ ಇಡಿ; ಅತ್ತಿತ್ತ ತೂಗಿದರೆ ನಡುವಿನದು ಎದ್ದಿದೆ ಎಂದೇ ಅರ್ಥ. ಒಂದರಿಂದ ಐದರವರೆಗೆ ಎಲ್ಲ ಮನೆಗಳಲ್ಲೂ ಬಂದರೆ ನೆಕ್ಕಿನ ಬಾಗು ಕಡಿಮೆ. ಹನ್ನೆರಡರಿಂದ ಆಚೆ ಬಂದರೆ ಸ್ಯಾಡಲ್ ತಗ್ಗಿದೆ ಅಥವಾ ಬಾಗು ಹೆಚ್ಚಾಗಿದೆ.

ಟ್ರಸ್ ರಾಡಿನ ಸರದಿ ಈಗ, ಅದೂ ಅಳತೆ ಮಾಡಿದ ಮೇಲೆ. ಮೊದಲನೇ ಫ್ರೆಟ್ ಮತ್ತು ನೆಕ್ ದೇಹಕ್ಕೆ ಕೂಡುವಲ್ಲಿನ ಫ್ರೆಟ್ ಎರಡರಲ್ಲೂ ಇ ತಂತಿಯನ್ನು ಒತ್ತಿಹಿಡಿದು ಏಳೆಂಟನೇ ಫ್ರೆಟ್ಟಿನ ಮೇಲಿನ ಸಂದನ್ನು ನೋಡಬೇಕು. ಸುಮಾರು 0.3 ಮಿಲಿಮೀಟರ್, ಒಂದು ದಪ್ಪ ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಸರಿ. ಹದಿನೇಳನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ದಪ್ಪ ತಂತಿಗೆ ಸುಮಾರು 2.4, ತೆಳು ತಂತಿಗೆ ಸುಮಾರು 2 ಮಿಲಿಮೀಟರ್ ಎಂಬುದು ಸಾಮಾನ್ಯ ಲೆಕ್ಕ. ರಾಡನ್ನು ತಿರುಗಿಸಬೇಕಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಶ್ರುತಿ ಮಾಡಿ, ಮತ್ತೆ ಅಳೆಯಿರಿ. ‘ಒಂದು ಸುತ್ತು ಬಿಗಿ ಮಾಡು’ ಎಂಬ ಮಾತಿನಲ್ಲಿ ಅಳತೆಯೂ ಇಲ್ಲ, ದಿಕ್ಕೂ ಇಲ್ಲ.

ಇನ್ನು ಮೂರನೆಯ ತೀರ್ಪು: ‘ಇಲ್ಲಿ ಯಾರ ಕೈಲೂ ಆಗಲ್ಲ, ಬೆಂಗಳೂರಿಗೆ ಕಳಿಸು.’ ಭದ್ರಾವತಿಯಂಥ ಊರಿನಲ್ಲಿ ಈ ಮಾತು ಹುಟ್ಟಿದ್ದೇ ವಿಚಿತ್ರ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಊರು, ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆಯ ಸೈರನ್ನಿಗೆ ತಲೆಮಾರುಗಳು ಎದ್ದು ಮಲಗಿದ ಊರು. ಫಿಟ್ಟರ್, ಟರ್ನರ್, ಮೋಲ್ಡರ್ ಎಂಬ ಪದಗಳು ಇಲ್ಲಿನ ಮಕ್ಕಳಿಗೂ ಗೊತ್ತು. ನೆಕ್ಕಿನ ಬಾಗು ಅಳೆಯಲು ಬೇಕಾದ ಫೀಲರ್ ಗೇಜ್, ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಪ್ರತಿಯೊಂದು ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿಕೊಂಡು ಬಿದ್ದಿರುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ಲೆಕ್ಕಕ್ಕೆ ಹಿಡಿಯುವ ಕೈಗಳು ಇರುವ ಊರಲ್ಲಿ ‘ಇಲ್ಲಿ ಯಾರ ಕೈಲೂ ಆಗಲ್ಲ’ ಅನ್ನುವುದು ವಿನಯವಲ್ಲ, ಸೋಮಾರಿತನ.

ಬೆಂಗಳೂರಿಗೆ ಕಳಿಸುವ ಸಲಹೆಯಲ್ಲಿ ಇದಕ್ಕಿಂತ ಗಟ್ಟಿಯಾದ ದೋಷವೊಂದಿದೆ. ಮರಕ್ಕೆ ಹವೆ ಗೊತ್ತಾಗುತ್ತದೆ. ತೇವ ಹೀರಿದಾಗ ಮರ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ನೆಕ್ ಒಂದು ಮರ, ಅದರ ಮೇಲಿನ ಫ್ರೆಟ್ ಹಲಗೆ ಹಲವು ಸಲ ಇನ್ನೊಂದು ಮರ, ಒಂದಕ್ಕೆ ಪಾಲಿಶ್ ಇದೆ, ಇನ್ನೊಂದಕ್ಕೆ ಇಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ತೇವ ಹೀರುವುದಿಲ್ಲವಾದ್ದರಿಂದ ನೆಕ್ಕಿನ ಬಾಗು ಬದಲಾಗುತ್ತದೆ. ಶಂಕರಘಟ್ಟವನ್ನೇ ನೋಡಿ. ಒಂದು ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು, ಇನ್ನೊಂದು ಕಡೆ ಕಾಡು. ಅಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಆವರಣ ಜ್ಞಾನಸಹ್ಯಾದ್ರಿಯ ಹಾಸ್ಟೆಲ್ ಕೋಣೆಯಲ್ಲಿ ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಾರ್ಚಿನಲ್ಲಿ ತುಟಿ ಒಡೆಯುತ್ತದೆ. ಇಲ್ಲಿಂದ ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಒಣ ಹವೆಯಲ್ಲಿ ಬೇಸಗೆಯಲ್ಲಿ ಸೆಟಪ್ ಮಾಡಿಸಿ ತಂದ ಗಿಟಾರ್, ಮಳೆ ಹಿಡಿದ ಮೇಲೆ ಹಾಗೆಯೇ ಇರಬೇಕೆಂದು ಕೇಳುವುದು ಮರದ ಜೊತೆ ಜಗಳ. ಸೆಟಪ್ ಎಂಬುದು ಒಮ್ಮೆ ಮಾಡಿಸಿ ಮರೆಯುವ ಕೆಲಸವಲ್ಲ. ಮಲೆನಾಡಿನಲ್ಲಿ ವರ್ಷಕ್ಕೆ ಎರಡು ಸಲ, ಮಳೆ ಕೂತ ಮೇಲೊಮ್ಮೆ ಮತ್ತು ಚಳಿ ಮುಗಿದು ಒಣಹವೆ ಶುರುವಾದ ಮೇಲೊಮ್ಮೆ, ವಾದ್ಯ ಇರುವ ಊರಲ್ಲೇ ಆಗಬೇಕು.

ಇದು ನಮಗೆ ಹೊಸ ವಿಚಾರವೂ ಅಲ್ಲ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಕಾಲ ಕಳೆದಂತೆ, ಸೆಕೆ ಹೆಚ್ಚಿದಂತೆ ಮೇಣ ಕದಲುತ್ತದೆ, ಮೆಟ್ಟಿಲು ಸರಿಯುತ್ತದೆ, ಅಪಸ್ವರ ಬರುತ್ತದೆ. ಆಗ ಮೇಳ ಕಟ್ಟುವವರನ್ನು ಕರೆದು, ಮೇಣ ಎಬ್ಬಿಸಿ, ಪ್ರತಿ ಮೆಟ್ಟಿಲನ್ನೂ ಕಿವಿಯ ಲೆಕ್ಕದಲ್ಲಿ ಮತ್ತೆ ಕೂರಿಸುತ್ತಾರೆ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರರವರೆಗೆ ಹರಿದುಬಂದ ಮೈಸೂರು ವೀಣೆಯ ಪರಂಪರೆಯಲ್ಲಿ ಯಾರೂ ‘ಮೆಟ್ಟಿಲು ಕದಲಿತು, ವೀಣೆ ಮಾರಿಬಿಡೋಣ’ ಎಂದಿಲ್ಲ. ವಾದ್ಯಕ್ಕೆ ಆಗಾಗ ಕೈ ಮುಟ್ಟಬೇಕು ಎಂಬುದು ಅಲ್ಲಿ ಸಹಜ ಸಂಗತಿ. ಅದೇ ಮನೆಯ ಹುಡುಗ ಗಿಟಾರ್ ಹಿಡಿದ ಕೂಡಲೇ ಆ ತಿಳಿವಳಿಕೆ ಎಲ್ಲಿ ಹೋಗುತ್ತದೆ? ವಿದೇಶಿ ವಾದ್ಯ ಮುಚ್ಚಿದ ಪೆಟ್ಟಿಗೆ, ಅದನ್ನು ಬಿಚ್ಚುವ ಅಧಿಕಾರ ಬೇರೆ ಯಾರಿಗೋ ಸೇರಿದ್ದು ಎಂಬ ಹಿಂಜರಿಕೆ ಇದು.

ನಾಲ್ಕನೆಯ ತೀರ್ಪು ಉಳಿಯಿತು: ಸ್ಪೀಕರಲ್ಲಿ ಕೇಳದಿದ್ದರೆ ಬಿಡು. ಈ ಪಕ್ಷದವರಿಗೆ ನ್ಯಾಯ ಸಲ್ಲಬೇಕು, ಏಕೆಂದರೆ ಅವರ ಮಾತಿನಲ್ಲಿ ಸಂಗೀತದ ಅನುಭವವಿದೆ. ಎಲ್ಲ ಝೇಂಕಾರವೂ ದೋಷವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಎಳೆ ದಾರ ಸಿಕ್ಕಿಸಿ ‘ಜೀವ’ ತರುವವರು ನಾವು. ದಾರ ಸರಿಯಾದ ಜಾಗಕ್ಕೆ ಬಂದಾಗ ಹುಟ್ಟುವ ಆ ಜುಂಯ್ ಎಂಬ ನಾದ ಬೇಕೆಂದೇ ತಂದದ್ದು. ಬೇಸ್‌ನಲ್ಲೂ ಹಾಗೆಯೇ. 1966ರಲ್ಲಿ ಇಂಗ್ಲೆಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್ ರೋಟೋಸೌಂಡ್ ಕಂಪನಿಯ ಜೊತೆ ಕೂತು ರೌಂಡ್‌ವೌಂಡ್ ತಂತಿಗಳನ್ನು ಹದಗೊಳಿಸಿದ್ದು ಲೋಹದ ಖಣಖಣ ಬೇಕೆಂದೇ. 1976ರಲ್ಲಿ ಜಾಕೋ ಪಾಸ್ಟೋರಿಯಸ್ ತನ್ನ ಮೊದಲ ಆಲ್ಬಮಿನಲ್ಲಿ ಫ್ರೆಟ್‌ಗಳಿಲ್ಲದ ಬೇಸ್‌ನಿಂದ ಹೊರಡಿಸಿದ ಹಾಡುವಂಥ ನಾದದಲ್ಲಿ ತಂತಿ ಮರಕ್ಕೆ ಉಜ್ಜುವ ಝೇಂಕಾರದ ಪಾಲೂ ಇದೆ. ಬಲವಾಗಿ ಮೀಟುವವನ ತಂತಿ ಫ್ರೆಟ್‌ಗೆ ಒಂದಿಷ್ಟು ತಾಗುವುದು ಶೈಲಿ. ಅದು ಸ್ಪೀಕರಿನಲ್ಲಿ ಕೇಳದಿದ್ದರೆ, ಅಥವಾ ಕೇಳಿಯೂ ಹಾಡಿಗೆ ಒಪ್ಪಿದರೆ, ಖಂಡಿತ ಬಿಡಿ.

ಆದರೆ ಈ ವಿನಾಯಿತಿ ತಂತಿ ಮತ್ತು ಫ್ರೆಟ್ಟಿನ ಸದ್ದಿಗೆ ಮಾತ್ರ. ಸಡಿಲ ಸ್ಕ್ರೂ ಯಾರ ಶೈಲಿಯೂ ಅಲ್ಲ. ಅದು ನಿಂತಲ್ಲಿ ನಿಲ್ಲುವುದಿಲ್ಲ. ನಡುಗುತ್ತ ತನ್ನ ತೂತನ್ನೇ ಅಗಲ ಮಾಡಿಕೊಳ್ಳುತ್ತದೆ. ಜಾಕಿನ ನಟ್ ಸಡಿಲವಾದರೆ ಜಾಕ್ ಒಳಗೇ ತಿರುಗಿ ವೈರ್ ಕೀಳುತ್ತದೆ, ಗಣಪತಿ ಪೆಂಡಾಲಿನಲ್ಲಿ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಬೇಸ್ ಮೂಕವಾಗುತ್ತದೆ. ಬೇಸ್ ಮೂಕವಾದಾಗ ಹಾಡಿಗೆ ಏನಾಗುತ್ತದೆಂದು ತಿಳಿಯಬೇಕಾದರೆ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿ, ಕೆಳಗಿನ ಸ್ವರಗಳನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಅಲ್ಲದೆ ಸ್ಪೀಕರಿನಲ್ಲಿ ಕೇಳದ ಸದ್ದು ನುಡಿಸುವವನ ಕಿವಿಗೆ ಕೇಳುತ್ತಲೇ ಇರುತ್ತದೆ. ಅದನ್ನು ಮುಚ್ಚಲು ಅವನು ಮೀಟನ್ನು ಮೆತ್ತಗೆ ಮಾಡುತ್ತಾನೆ, ಆ ಸ್ವರವನ್ನೇ ತಪ್ಪಿಸುತ್ತಾನೆ. ವಾದ್ಯದ ದೋಷ ಕೈಗೆ ಇಳಿಯುವುದು ಹೀಗೆ.

ಕೊನೆಯ ಆಕ್ಷೇಪ ಭಯದ್ದು: ಕೈ ಹಾಕಿ ಇನ್ನಷ್ಟು ಕೆಡಿಸಿಬಿಟ್ಟರೆ? ಭಯಕ್ಕೆ ಆಧಾರವಿದೆ, ಹಾಗಾಗಿ ಗೆರೆ ಎಳೆಯೋಣ. ಫ್ರೆಟ್‌ಗೆ ಅರ ಹಾಕುವುದು, ನಟ್ ಪಟ್ಟಿ ಹೊಸದು ಕೊರೆಯುವುದು, ಬಿಗಿ ಹಿಡಿದು ತಿರುಗದ ರಾಡನ್ನು ಬಿಡಿಸುವುದು, ಈ ಮೂರೂ ಪಳಗಿದ ಕೈಗೆ ಸೇರಿದವು. ತೆಗೆದ ಲೋಹ ಮತ್ತೆ ಅಂಟುವುದಿಲ್ಲ. ಅವುಗಳಿಗಾಗಿ ಬೆಂಗಳೂರಿಗೆ ಹೋಗಬೇಕಾದರೆ ಹೋಗಿ. ಆದರೆ ಹೋಗುವಾಗ ‘ಏನೋ ಸದ್ದು ಬರುತ್ತೆ, ನೋಡಿ’ ಎಂದು ಕೈಚೆಲ್ಲಿ ನಿಲ್ಲಬೇಡಿ. ‘ಇ ತಂತಿ, ಏಳನೇ ಮನೆ, ಎಂಟನೇ ಫ್ರೆಟ್ ಎದ್ದಿದೆ, ಬಾಗು 0.3 ಇದೆ’ ಎಂದು ಹೇಳಿ. ಇಷ್ಟು ಹೇಳಬಲ್ಲವನಿಗೆ ಬೇಡದ ರಿಪೇರಿಯನ್ನು ಬಿಲ್ಲಿಗೆ ಸೇರಿಸುವುದು ಯಾರಿಗೂ ಸುಲಭವಲ್ಲ. ಹುಡುಕುವುದರಿಂದ ಯಾವ ಗಿಟಾರೂ ಕೆಡುವುದಿಲ್ಲ. ಕೆಡುವುದು ಹುಡುಕದೆ ತಿರುಗಿಸುವುದರಿಂದ.

ಆರ್ಕೆಸ್ಟ್ರಾದ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಸಲ ಒಬ್ಬ ಹುಡುಗ ಕಟಕಟ ಎನ್ನುವ ಬೇಸ್ ಹಿಡಿದು ಬಂದರೆ ‘ಮಾರಿಬಿಡು’ ಎನ್ನುವ ಮೊದಲು ಅವನ ಎದುರು ಕೂತು, ಅವನು ನುಡಿಸಲಿ, ನೀವು ಒಂದೊಂದೇ ಭಾಗವನ್ನು ಒತ್ತುತ್ತ ಬನ್ನಿ. ಕಳ್ಳ ಸಿಕ್ಕರೆ ಅಲ್ಲೇ ಸ್ಕ್ರೂ ಬಿಗಿಯಿರಿ. ಸಿಗದಿದ್ದರೆ ಎಲ್ಲೆಲ್ಲಿ ಇಲ್ಲ ಎಂದು ಬರೆದು ಕೊಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಆ ವಾದ್ಯದ ಬಗ್ಗೆ ತೀರ್ಪು ಕೊಡುವ ಗೋಜಿಗೂ ಹೋಗಬೇಡಿ.